ಹೋಮರನ ಹೆಸರಿನ ಚಿಟ್ಟೆ

ಪ್ರಾಣಿಶಾಸ್ತ್ರದ ಪಾಠಗಳಲ್ಲಿ ಚಿಟ್ಟೆಯ ಪಾಠವು ಅತ್ಯಂತ ಸುಲಭವಾದುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಮಾತುಗಳನ್ನು ಕ್ರಮ ತಪ್ಪದೆ ಬರೆದು, ಪಕ್ಕದಲ್ಲಿ ಒಂದು ಚಿತ್ರವನ್ನು ಬಿಡಿಸಿದರೆ ಪರೀಕ್ಷೆಯಲ್ಲಿ ಅಂಕಗಳು ದೊರೆಯುತ್ತವೆ. ನಾವೂ ಅನೇಕ ವರ್ಷಗಳ ಕಾಲ ಈ ಪಾಠವನ್ನು ಹಾಗೆಯೇ ಕಲಿಸಿದೆವು. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಣ್ಣ ಸಂಗತಿಯು ನಮ್ಮ ಕಣ್ಣನ್ನು ತೆರೆಯಿಸಿತು. ಅದನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುವೆವು.

ನಮ್ಮ ಶಾಲೆಯ ಅಂಗಳವು ಚಿಕ್ಕದು. ಮುಂಬಯಿಯಲ್ಲಿ ಶಾಲೆಗೆ ಅಂಗಳವಿರುವುದೇ ಭಾಗ್ಯ. ಅಲ್ಲಿ ನೀರಿನ ತೊಟ್ಟಿಯ ಬಳಿ ಒಂದು ಕರಿಬೇವಿನ ಗಿಡವಿದೆ. ಮಳೆ ಹಿಡಿದ ಮೇಲೆ ಚಿಗುರಿದ ಅದರ ಎಲೆಗಳನ್ನು ಯಾವುವೋ ಹುಳುಗಳು ತಿನ್ನತೊಡಗಿದವು. ಹತ್ತಿರ ಹೋಗಿ ನೋಡಿದರೆ ಕೆಲವು ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿದ್ದವು, ಇನ್ನು ಕೆಲವು ಎಲೆಯಂತೆಯೇ ಹಸುರಾಗಿದ್ದವು. ಗಿಡವನ್ನು ಉಳಿಸಬೇಕೆಂಬ ಆತುರದಿಂದ, ಹುಳುಗಳನ್ನೆಲ್ಲ ಆರಿಸಿ ಹೊರಗೆ ಬಿಸಾಡುವಂತೆ ನಾವು ಮಾಲಿಗೆ ಹೇಳಿದೆವು. ಆಗ ಪಕ್ಕದಲ್ಲಿ ನಿಂತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ, “ಸರ್, ಇವು ಹೋದ ವಾರದ ಪಾಠದ ಹುಳುಗಳಲ್ಲವೇ?” ಎಂದು ಕೇಳಿದಳು.

ಅವಳು ಹೇಳಿದ್ದು ನಿಜವಾಗಿತ್ತು. ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ನಾವು ಬಿಡಿಸಿದ್ದ ಹುಳುವೇ ಗಿಡದ ಮೇಲಿತ್ತು. ನಾವು ಮಾತ್ರ ಅದನ್ನು ಗುರುತಿಸಲಿಲ್ಲ. ನಾಚಿಕೆಯಾಯಿತೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ. ಐದು ಹುಳುಗಳನ್ನು ಒಂದು ಗಾಜಿನ ಭರಣಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಹೊಸ ಎಲೆಗಳನ್ನು ಹಾಕುತ್ತ ಬಂದೆವು. ಉಳಿದವನ್ನು ಗಿಡದ ಮೇಲೆಯೇ ಬಿಟ್ಟೆವು. ಭರಣಿಯ ಐದರಲ್ಲಿ ಮೂರು ಹುಳುಗಳು ಕೋಶ ಕಟ್ಟಿ ಚಿಟ್ಟೆಗಳಾದವು. ಅವು ಕಾಮನ್ ಮಾರ್ಮನ್ ಎಂಬ ಜಾತಿಯವು. ಹಿಂದಿನ ರೆಕ್ಕೆಗಳ ತುದಿಯಲ್ಲಿ ಪುಟ್ಟ ಬಾಲಗಳುಳ್ಳ, ಕಪ್ಪು ಬಣ್ಣದ ಚೆಲುವಾದ ಚಿಟ್ಟೆಗಳು.

ಈ ಬಾಲಗಳುಳ್ಳ ಚಿಟ್ಟೆಗಳ ಕುಟುಂಬವು ಬಹು ದೊಡ್ಡದು. ಶಾಸ್ತ್ರಜ್ಞರು ಇದನ್ನು ಪ್ಯಾಪಿಲಿಯೋನಿಡೇ ಎಂದು ಕರೆಯುತ್ತಾರೆ. ಕುಟುಂಬದ ಎಲ್ಲ ಜಾತಿಗಳಿಗೂ ಬಾಲವಿಲ್ಲವಾದರೂ, ಕವಲುಬಾಲದ ಚಿಟ್ಟೆಗಳೆಂಬ ಹೆಸರು ಎಲ್ಲಕ್ಕೂ ಸಂದಿದೆ. ಮಹಾರಾಷ್ಟ್ರವು 2015ರಲ್ಲಿ ತನ್ನ ರಾಜ್ಯದ ಚಿಟ್ಟೆಯೆಂದು ಆರಿಸಿಕೊಂಡ ಬ್ಲೂ ಮಾರ್ಮನ್ ಈ ಕುಟುಂಬದ್ದೇ. ಕರ್ನಾಟಕದ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಈ ಕುಟುಂಬದ್ದೇ. ಹೀಗೆ ನಾವು ಹುಟ್ಟಿ ಬಂದ ನಾಡಿಗೂ ಬಾಳುತ್ತಿರುವ ನಾಡಿಗೂ ಚಿಟ್ಟೆಯ ಮಟ್ಟಿಗೆ ಒಂದೇ ಮನೆತನದ ನಂಟು ಉಂಟು. ಇಂದಿನ ಪಾಠವಾದರೋ ಇದೇ ಮನೆತನದ, ಆದರೆ ಬಹು ದೂರದ ದ್ವೀಪವೊಂದರಲ್ಲಿ ಬಾಳುವ ಬಂಧುವನ್ನು ಕುರಿತದ್ದು.

ದ್ವೀಪ ಮತ್ತು ಬೆಟ್ಟ

ಅಟ್ಲಾಂಟಿಕ್ ಮಹಾಸಾಗರದ ಪಶ್ಚಿಮಕ್ಕೆ, ಕೆರಿಬಿಯನ್ ಸಮುದ್ರದಲ್ಲಿ, ಜಮೈಕಾ ಎಂಬ ದ್ವೀಪವಿದೆ. ಕ್ರಿಕೆಟ್ಟನ್ನು ಬಲ್ಲವರಿಗೆ ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಹೆಸರು ಹೊಸದಲ್ಲ. ಮುಂಬಯಿಯ ಆಟಗಾರ ದಿಲೀಪ್ ಸರ್‌ದೇಸಾಯಿ 1971ರಲ್ಲಿ 212 ಓಟಗಳನ್ನು ಗಳಿಸಿದ್ದು ಅಲ್ಲಿಯೇ. ದ್ವೀಪದ ವಿಸ್ತೀರ್ಣವು ಸುಮಾರು 11,000 ಚದರ ಕಿಲೋಮೀಟರು. ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸುವೇ ದೊಡ್ಡದು. ಇಷ್ಟು ಚಿಕ್ಕ ನೆಲದಲ್ಲಿಯೇ 2,256 ಮೀಟರು ಎತ್ತರದ ಶಿಖರವುಳ್ಳ ನೀಲಿ ಬೆಟ್ಟಗಳು, ಎಂದರೆ ಬ್ಲೂ ಮೌಂಟನ್ಸ್, ಪೂರ್ವಭಾಗದಲ್ಲಿ ನಿಂತಿವೆ. ಅವುಗಳ ಮಗ್ಗುಲಲ್ಲಿ ಜಾನ್ ಕ್ರೋ ಎಂಬ ಇನ್ನೊಂದು ಬೆಟ್ಟಸಾಲಿದೆ. ಸಮುದ್ರದಿಂದ ಬೀಸಿ ಬರುವ ಗಾಳಿಯು ಇವನ್ನು ತಡೆದು ಮೇಲೇರುವುದರಿಂದ ಅಲ್ಲಿ ವಿಪರೀತ ಮಳೆ ಬೀಳುತ್ತದೆ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿಗೆ ತಗುಲಿ ಆಗುಂಬೆಯಲ್ಲಿ ಮಳೆಗರೆಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ವೀಪದ ಪಶ್ಚಿಮ ಭಾಗದಲ್ಲಿ ಕಾಕ್‌ಪಿಟ್ ಕಂಟ್ರಿ ಎಂಬ ವಿಚಿತ್ರವಾದ ಪ್ರದೇಶವಿದೆ. ಅಲ್ಲಿಯ ನೆಲವು ಸುಣ್ಣಕಲ್ಲಿನದು. ಮಳೆಯ ನೀರು ಈ ಕಲ್ಲನ್ನು ಯುಗಯುಗಗಳಿಂದ ಕರಗಿಸುತ್ತ ಬಂದುದರಿಂದ, ಎಲ್ಲಿ ನೋಡಿದರೂ ದುಂಡನೆಯ ಗುಡ್ಡಗಳು, ಅವುಗಳ ನಡುವೆ ಆಳವಾದ ಬಟ್ಟಲಿನಂತಹ ತಗ್ಗುಗಳು. ಇಡ್ಲಿಯ ತಟ್ಟೆಯನ್ನು ಕಣ್ಣಿಗೆ ತಂದುಕೊಂಡರೆ ತಗ್ಗುಗಳ ಕಲ್ಪನೆ ಬರುವುದು. ಅದನ್ನು ಮಗುಚಿ ಹಾಕಿದರೆ ಗುಡ್ಡಗಳ ಕಲ್ಪನೆಯೂ ಬರುವುದು. ರಸ್ತೆ ಹಾಕುವುದಕ್ಕಾಗಲಿ ಉಳುವುದಕ್ಕಾಗಲಿ ಇದು ಅನುಕೂಲವಾದ ನೆಲವಲ್ಲ.

ಈ ಎರಡು ಕಡೆಗಳಲ್ಲಿ ಮಾತ್ರವೇ, ಜಗತ್ತಿನ ಬೇರೆ ಎಲ್ಲಿಯೂ ಅಲ್ಲ, ನಮ್ಮ ಇಂದಿನ ಚಿಟ್ಟೆಯು ಬಾಳುತ್ತಿದೆ. ಅದರ ಶಾಸ್ತ್ರೀಯ ನಾಮವು ಪ್ಯಾಪಿಲಿಯೋ ಹೋಮೆರಸ್.

ಹೆಸರಿನ ಕಥೆ

ಸ್ವೀಡನ್ ದೇಶದ ಲಿನೇಯಸ್ ಎಂಬ ಮಹಾಪಂಡಿತನು 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಹೆಸರುಗಳನ್ನಿಟ್ಟು ಗ್ರಂಥವನ್ನು ಪ್ರಕಟಿಸಿದನು. ಚಿಟ್ಟೆಗಳಿಗೆ ಹೆಸರಿಡುವಾಗ ಅವನಿಗೆ ಗ್ರೀಕರ ಟ್ರಾಯ್ ಯುದ್ಧದ ಕಥೆಯು ನೆನಪಾಯಿತು. ದೊಡ್ಡ ಚಿಟ್ಟೆಗಳನ್ನು ಟ್ರಾಯ್ ಪಕ್ಷದ ವೀರರೆಂದೂ ಗ್ರೀಕರ ಪಕ್ಷದ ವೀರರೆಂದೂ ವಿಂಗಡಿಸಿದನು. ನಮ್ಮ ದೇಶದಲ್ಲಿ ಕಾಣುವ ಕ್ರಿಮ್ಸನ್ ರೋಸ್ ಎಂಬ ಕೆಂಪು ಮೈಯ ಚಿಟ್ಟೆಗೆ ಅವನಿಟ್ಟ ಹೆಸರು ಹೆಕ್ಟರ್. ಟ್ರಾಯ್ ನಗರದ ರಾಜಕುಮಾರನ ಹೆಸರು. ನಮ್ಮವರು ಯಾರಾದರೂ ಈ ಕೆಲಸವನ್ನು ಮಾಡಿದ್ದರೆ ಕೌರವ ಪಾಂಡವರ ಹೆಸರುಗಳನ್ನೇ ಹಂಚುತ್ತಿದ್ದರೇನೋ.

ಲಿನೇಯಸನ ಶಿಷ್ಯನಾದ ಫೆಬ್ರೀಶಿಯಸನು 1793ರಲ್ಲಿ ಜಮೈಕಾದ ಈ ಚಿಟ್ಟೆಯನ್ನು ವರ್ಣಿಸಿದನು. ಅವನು ಇದಕ್ಕೆ ಯಾವ ವೀರನ ಹೆಸರನ್ನೂ ಇಡದೆ, ಆ ವೀರರ ಕಥೆಯನ್ನು ಹಾಡಿದ ಮಹಾಕವಿ ಹೋಮರನ ಹೆಸರನ್ನು ಇಟ್ಟನು. ಭೀಮಾರ್ಜುನರ ಸಾಲಿನಲ್ಲಿ ವ್ಯಾಸರನ್ನು ಕೂರಿಸಿದಂತಾಯಿತು. ಈ ಚಿಟ್ಟೆಯ ಆಕಾರವನ್ನು ನೋಡಿದರೆ ಹೆಸರು ಹೆಚ್ಚಾಯಿತೆಂದು ಯಾರೂ ಹೇಳಲಾರರು.

ರೂಪ ಮತ್ತು ಬಾಳು

ಅಮೆರಿಕದ ಎರಡು ಖಂಡಗಳನ್ನೂ ಅವುಗಳ ದ್ವೀಪಗಳನ್ನೂ ಸೇರಿಸಿ ನೋಡಿದರೆ, ಕವಲುಬಾಲದ ಚಿಟ್ಟೆಗಳಲ್ಲೆಲ್ಲ ಇದೇ ಅತಿ ದೊಡ್ಡದು. ರೆಕ್ಕೆಗಳನ್ನು ಹರಡಿದಾಗ ತುದಿಯಿಂದ ತುದಿಗೆ ಸುಮಾರು 15 ಸೆಂಟಿಮೀಟರು. ನಿಮ್ಮ ಕಂಪಾಸು ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯ ಉದ್ದ. ರೆಕ್ಕೆಗಳು ಕಪ್ಪು ಬೆರೆತ ಕಂದು ಬಣ್ಣದವು. ಅವುಗಳ ಮೇಲೆ ಹಳದಿಯ ಅಗಲವಾದ ಪಟ್ಟೆಯು ಹಾದುಹೋಗುತ್ತದೆ. ಹಿಂದಿನ ರೆಕ್ಕೆಗಳಲ್ಲಿ ನೀಲಿಯ ಚುಕ್ಕೆಗಳೂ ಇಟ್ಟಿಗೆಗೆಂಪಿನ ಗುರುತುಗಳೂ ಇವೆ. ಬಾಲಗಳು ಸೌಟಿನಂತೆ ತುದಿಯಲ್ಲಿ ಅಗಲ. ಬಿಸಿಲು ಬಿದ್ದ ಹೊತ್ತಿನಲ್ಲಿ ಇದು ಮರಗಳ ನೆತ್ತಿಯ ಮೇಲೆ, ರೆಕ್ಕೆಗಳನ್ನು ಹೆಚ್ಚು ಬಡಿಯದೆ, ತೇಲುತ್ತ ಸಾಗುತ್ತದೆ. ಮೋಡ ಮುಸುಕಿದರೆ ಎಲೆಗಳ ಮರೆಯಲ್ಲಿ ಕುಳಿತುಬಿಡುತ್ತದೆ.

ಇದರ ಬಾಳಿನ ಕ್ರಮವು ನಮ್ಮ ಕರಿಬೇವಿನ ಹುಳುವಿನ ಬಾಳಿಗಿಂತ ಬೇರೆಯಲ್ಲ. ಹೆಣ್ಣು ಚಿಟ್ಟೆಯು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಎಲೆಗಳ ಮೇಲೆ ಇಡುತ್ತದೆ. ಹೊರಬಂದ ಮರಿಹುಳುವು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವುದು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನಲು ಬಯಸದಾದ್ದರಿಂದ ಈ ವೇಷವೇ ಅದರ ಕಾವಲು. ಬೆಳೆದಂತೆ ಆ ವೇಷವು ಸಾಲದು. ಅಷ್ಟು ದೊಡ್ಡ ಹಿಕ್ಕೆಯನ್ನು ಯಾರು ನಂಬುತ್ತಾರೆ? ಆದುದರಿಂದ ಪೊರೆಗಳನ್ನು ಕಳಚುತ್ತ ಅದು ಹಸುರು ಬಣ್ಣಕ್ಕೆ ತಿರುಗಿ ಎಲೆಗಳೊಡನೆ ಒಂದಾಗುತ್ತದೆ. ಎದೆಯ ಭಾಗದಲ್ಲಿ ಕಣ್ಣುಗಳಂತಹ ಗುರುತುಗಳು ಮೂಡಿ ಸಣ್ಣ ಹಾವಿನ ತಲೆಯ ಭ್ರಾಂತಿಯನ್ನು ಹುಟ್ಟಿಸುತ್ತವೆ. ಇಷ್ಟರ ಮೇಲೂ ಯಾರಾದರೂ ಮುಟ್ಟಿದರೆ, ತಲೆಯ ಹಿಂದಿನಿಂದ ಕವಲೊಡೆದ ಮೆತ್ತನೆಯ ಕೊಂಬೊಂದು ಹೊರಚಾಚಿ ಕಟುವಾದ ವಾಸನೆಯನ್ನು ಬೀರುತ್ತದೆ. ನಮ್ಮ ಭರಣಿಯ ಹುಳುವನ್ನು ಹುಲ್ಲುಕಡ್ಡಿಯಿಂದ ಮುಟ್ಟಿದ ಹುಡುಗರು ಈ ಕೊಂಬನ್ನೂ ಕಂಡರು, ಮೂಗನ್ನೂ ಮುಚ್ಚಿಕೊಂಡರು.

ಆದರೆ ಒಂದು ಮುಖ್ಯವಾದ ಭೇದವಿದೆ. ನಮ್ಮ ಕಾಮನ್ ಮಾರ್ಮನ್ನಿನ ಹುಳುವು ಕರಿಬೇವನ್ನು ತಿನ್ನುವುದು, ನಿಂಬೆಯನ್ನು ತಿನ್ನುವುದು, ಅವುಗಳ ಜಾತಿಯ ಬೇರೆ ಗಿಡಗಳನ್ನೂ ತಿನ್ನುವುದು. ಚಾಳಿನ ಕಿಟಕಿಯಲ್ಲಿ ಒಂದು ಕುಂಡವಿದ್ದರೂ ಅದಕ್ಕೆ ಸಾಕು. ಮನುಷ್ಯನು ಕಾಡನ್ನು ಕಡಿದು ನಗರವನ್ನು ಕಟ್ಟಿದರೂ ಅಡುಗೆಗೆಂದು ಕರಿಬೇವನ್ನು ನೆಟ್ಟನು. ಹೀಗಾಗಿ ಚಿಟ್ಟೆಯೂ ನಗರಕ್ಕೆ ಬಂದಿತು. ಹೋಮೆರಸ್ ಚಿಟ್ಟೆಗೆ ಈ ಭಾಗ್ಯವಿಲ್ಲ. ಅದರ ಹುಳುವಿನ ಮುಖ್ಯ ಆಹಾರವು ಹೆರ್ನಾಂಡಿಯಾ ಎಂಬ ಕಾಡುಮರದ ಎಲೆ. ಪೂರ್ವದ ಬೆಟ್ಟಗಳಲ್ಲಿ ಆ ಮರದ ಒಂದು ಜಾತಿ, ಪಶ್ಚಿಮದ ಸುಣ್ಣಕಲ್ಲಿನ ನಾಡಿನಲ್ಲಿ ಇನ್ನೊಂದು ಜಾತಿ. ಎರಡೂ ಜಮೈಕಾವನ್ನು ಬಿಟ್ಟು ಹೊರಗೆ ಸಹಜವಾಗಿ ಬೆಳೆಯುವುದಿಲ್ಲ. ತೇವವು ಆರದ, ನೆರಳು ದಟ್ಟವಾದ ಕಾಡು ಇದ್ದರೆ ಈ ಮರ; ಈ ಮರವಿದ್ದರೆ ಈ ಚಿಟ್ಟೆ.

ಅಡಗುದಾಣಗಳು

ಈ ಚಿಟ್ಟೆಯು ಬೆಟ್ಟದ ಕಾಡಿನಲ್ಲಿಯೇ ಏಕೆ ಉಳಿಯಿತು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಕೇಳಿದರು. ಇದಕ್ಕೆ ಉತ್ತರವು ಪ್ರಾಣಿಶಾಸ್ತ್ರದಲ್ಲಿ ಮಾತ್ರ ಸಿಗುವುದಿಲ್ಲ, ಇತಿಹಾಸವನ್ನೂ ಕೇಳಬೇಕು.

ಒಂದು ಕಾಲಕ್ಕೆ ಹೋಮೆರಸ್ ದ್ವೀಪದ ಸುಮಾರು ಅರ್ಧದಷ್ಟು ಜಿಲ್ಲೆಗಳಲ್ಲಿ ಹಾರಾಡುತ್ತಿದ್ದಿತು. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಜಮೈಕಾವನ್ನು ಕಸಿದುಕೊಂಡ ಮೇಲೆ ಕಬ್ಬಿನ ತೋಟಗಳು ಹಬ್ಬಿದವು. ತೋಟಗಳಲ್ಲಿ ದುಡಿಯಲು ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಗುಲಾಮರನ್ನಾಗಿ ಮಾಡಲಾಯಿತು. ಬಯಲಿನ ಕಾಡು ಹೋಯಿತು. ಕಣಿವೆಯ ಕಾಡು ಹೋಯಿತು. ಆದರೆ ಗುಲಾಮಗಿರಿಯನ್ನು ಒಲ್ಲದೆ ಓಡಿಹೋದ ಜನರು ಕಾಡಿನಲ್ಲಿ ಸ್ವತಂತ್ರವಾದ ಊರುಗಳನ್ನು ಕಟ್ಟಿಕೊಂಡರು. ಅವರನ್ನು ಮರೂನರೆಂದು ಕರೆಯುತ್ತಾರೆ. ಅವರ ಒಂದು ನೆಲೆ ಪೂರ್ವದ ನೀಲಿ ಬೆಟ್ಟಗಳಲ್ಲಿ, ಇನ್ನೊಂದು ನೆಲೆ ಪಶ್ಚಿಮದ ಕಾಕ್‌ಪಿಟ್ ನಾಡಿನಲ್ಲಿ. ಇಂಗ್ಲಿಷರ ಸೈನ್ಯವು ಅವರನ್ನು ಆ ಕಡಿದಾದ ಕಾಡುಗಳಲ್ಲಿ ಸೋಲಿಸಲಾರದೆ ಹೋಯಿತು. ಕಡೆಗೆ 1739ರಲ್ಲಿ ಪಶ್ಚಿಮದ ಮರೂನರ ನಾಯಕನಾದ ಕಜೋ ಎಂಬವನೊಡನೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಪೂರ್ವದ ಮರೂನರ ನಾಯಕಿಯಾದ ನ್ಯಾನಿಯು ಇಂದು ಜಮೈಕಾದ ರಾಷ್ಟ್ರವೀರರ ಸಾಲಿನಲ್ಲಿದ್ದಾಳೆ.

ಭೂಪಟವನ್ನು ತೆರೆದು ನೋಡಿರಿ. ಮರೂನರು ಉಳಿದ ಎರಡು ನೆಲೆಗಳೂ ಹೋಮೆರಸ್ ಚಿಟ್ಟೆಯು ಉಳಿದ ಎರಡು ನೆಲೆಗಳೂ ಒಂದೇ ಆಗಿವೆ. ಇದು ಪವಾಡವಲ್ಲ. ಯಾವ ನೆಲವು ಸೈನಿಕನ ಕಾಲಿಗೆ ಕಷ್ಟವೋ ಅದು ಕೊಡಲಿಗೂ ನೇಗಿಲಿಗೂ ಕಷ್ಟ. ಅಲ್ಲಿ ಓಡಿ ಬಂದ ಮನುಷ್ಯನೂ ಉಳಿದನು, ಎಲ್ಲಿಗೂ ಓಡಲಾರದ ಚಿಟ್ಟೆಯೂ ಉಳಿಯಿತು. ಈ ಎರಡು ನೆಲೆಗಳ ನಡುವೆ ನೂರು ಕಿಲೋಮೀಟರಿಗೂ ಮಿಕ್ಕ ಅಂತರವಿದೆ. ಒಂದು ಕಡೆಯ ಚಿಟ್ಟೆಯು ಇನ್ನೊಂದು ಕಡೆಗೆ ಹೋಗಲಾರದು.

ಕೇಡಿನ ಕಾರಣಗಳು

ಬೆಟ್ಟವೂ ಈಗ ಪೂರ್ತಿಯಾಗಿ ಕಾಯುತ್ತಿಲ್ಲ. ಮೊದಲನೆಯ ಕಾರಣವು ಕಾಫಿ. 1728ರಲ್ಲಿ ಜಮೈಕಾಕ್ಕೆ ಬಂದ ಕಾಫಿಯ ಗಿಡವು ನೀಲಿ ಬೆಟ್ಟಗಳ ತಂಪಿನಲ್ಲಿ ಚೆನ್ನಾಗಿ ಬೆಳೆಯಿತು. ಅಲ್ಲಿಯ ಕಾಫಿಗೆ ಜಗತ್ತಿನ ಪೇಟೆಯಲ್ಲಿ ಬಹಳ ಬೆಲೆಯಿದೆ. ಬೆಲೆ ಬಂದ ಹಾಗೆಲ್ಲ ಕಾಡು ಹಿಂದೆ ಸರಿಯಿತು. ಕೊಡಗು, ಚಿಕ್ಕಮಗಳೂರುಗಳ ಕಡೆಯಿಂದ ಬಂದ ಮಕ್ಕಳು ಇದನ್ನು ಕೇಳಿ ಕಾಫಿಯನ್ನು ದೂರಬೇಕಾಗಿಲ್ಲ. ದೊಡ್ಡ ಮರಗಳನ್ನು ಉಳಿಸಿಕೊಂಡು ನೆರಳಿನಲ್ಲಿ ಕಾಫಿಯನ್ನು ಬೆಳೆಯುವ ಕ್ರಮಕ್ಕೂ, ಗುಡ್ಡವನ್ನು ಬೋಳಿಸಿ ಬೆಳೆಯುವ ಕ್ರಮಕ್ಕೂ ಇರುವ ಭೇದವನ್ನು ಅವರೇ ಚೆನ್ನಾಗಿ ಬಲ್ಲರು.

ಎರಡನೆಯದು ಮರದ ದಿಮ್ಮಿಗಾಗಿ ಹಾಕಿದ ಪೈನ್ ತೋಪುಗಳು. ಹತ್ತಾರು ಜಾತಿಯ ಮರಗಳಿದ್ದ ಕಾಡನ್ನು ತೆಗೆದು ಒಂದೇ ಜಾತಿಯ ಮರವನ್ನು ನೆಟ್ಟರೆ, ದೂರದಿಂದ ಹಸುರೇ ಕಾಣುವುದು. ಆದರೆ ಹುಳುವಿಗೆ ಅಲ್ಲಿ ಒಂದು ತುತ್ತೂ ಇಲ್ಲ. ಮೂರನೆಯದು ಚಂಡಮಾರುತ. 1988ರ ಸೆಪ್ಟೆಂಬರ್ 12ರಂದು ಗಿಲ್ಬರ್ಟ್ ಎಂಬ ಚಂಡಮಾರುತವು ದ್ವೀಪದ ಉದ್ದಕ್ಕೂ ಹಾದುಹೋಗಿ ಕಾಡುಗಳನ್ನು ನೆಲಕ್ಕೆ ಕೆಡವಿತು. ಚಂಡಮಾರುತಗಳು ಹಿಂದೆಯೂ ಇದ್ದವು. ಆದರೆ ಚಿಟ್ಟೆಯು ದ್ವೀಪದಲ್ಲೆಲ್ಲ ಹರಡಿದ್ದಾಗ ಒಂದು ಕಡೆ ಅಳಿದರೆ ಇನ್ನೊಂದು ಕಡೆಯಿಂದ ಬಂದು ತುಂಬುತ್ತಿದ್ದಿತು. ಎರಡೇ ನೆಲೆಗಳು ಉಳಿದಿರುವಾಗ ಪ್ರತಿಯೊಂದು ಗಾಳಿಯೂ ಪ್ರಾಣಸಂಕಟವೇ. ನಾಲ್ಕನೆಯದು ಸಂಗ್ರಾಹಕರ ಆಸೆ. ಅಪರೂಪದ ಚಿಟ್ಟೆಯನ್ನು ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಡಲು ಹಣ ಕೊಡುವವರಿದ್ದಾರೆ. ಇದು ಅಪರೂಪವಾದಷ್ಟೂ ಅವರ ಆಸೆ ಹೆಚ್ಚುತ್ತದೆ. ಇವುಗಳ ಜೊತೆಗೆ ಪ್ರಕೃತಿಯ ಶತ್ರುಗಳೂ ಇವೆ. ಕಣಜದ ಜಾತಿಯ ಅತಿ ಸಣ್ಣ ಕೀಟವೊಂದು ಈ ಚಿಟ್ಟೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ; ಆಗ ಒಳಗಿನಿಂದ ಹೊರಬರುವುದು ಹುಳುವಲ್ಲ, ಕಣಜ.

ಎಣಿಸುವ ಬಗೆ

ಕಾಡಿನಲ್ಲಿ ಹಾರಾಡುವ ಚಿಟ್ಟೆಗಳನ್ನು ಎಣಿಸುವುದು ಹೇಗೆ? ಒಂದನ್ನೇ ಹತ್ತು ಸಲ ಎಣಿಸಿಬಿಡಬಹುದಲ್ಲವೇ? ಇದಕ್ಕೆ ಶಾಸ್ತ್ರಜ್ಞರು ಒಂದು ಜಾಣತನದ ಉಪಾಯವನ್ನು ಬಳಸುತ್ತಾರೆ. ಅದು ಏಳನೆಯ ತರಗತಿಯ ಗಣಿತವೇ. ಚಿಟ್ಟೆಗಳನ್ನು ಬಲೆಯಲ್ಲಿ ಹಿಡಿದು, ರೆಕ್ಕೆಯ ಮೇಲೆ ಲೇಖನಿಯಿಂದ ಸಣ್ಣ ಗುರುತು ಹಾಕಿ, ನೋವಾಗದಂತೆ ಬಿಟ್ಟುಬಿಡುತ್ತಾರೆ. ಕೆಲವು ದಿನಗಳ ಮೇಲೆ ಮತ್ತೆ ಹಿಡಿಯುತ್ತಾರೆ. ಹಾಗೆ ಹಿಡಿದವುಗಳಲ್ಲಿ ಗುರುತುಳ್ಳವು ಎಷ್ಟೆಂದು ನೋಡುತ್ತಾರೆ.

ಉದಾಹರಣೆಗೆ, ಮೊದಲ ಸಲ 20 ಚಿಟ್ಟೆಗಳಿಗೆ ಗುರುತು ಹಾಕಿದೆವೆನ್ನಿರಿ. ಎರಡನೆಯ ಸಲ 25ನ್ನು ಹಿಡಿದಾಗ ಅವುಗಳಲ್ಲಿ 10ಕ್ಕೆ ಗುರುತಿದ್ದಿತು. ಎಂದರೆ ಹಿಡಿದ ಪ್ರತಿ ಐದರಲ್ಲಿ ಎರಡಕ್ಕೆ ಗುರುತು. ಇಡೀ ಕಾಡಿನಲ್ಲಿಯೂ ಇದೇ ಪ್ರಮಾಣವೆಂದು ಭಾವಿಸಿದರೆ, ಗುರುತುಳ್ಳ 20 ಚಿಟ್ಟೆಗಳು ಒಟ್ಟು ಸಂಖ್ಯೆಯ ಐದರಲ್ಲಿ ಎರಡು ಭಾಗವಾಗುವುವು. ಆದುದರಿಂದ ಒಟ್ಟು ಸಂಖ್ಯೆ 50. ಗುರುತು ಅಳಿಸಬಾರದು, ಗುರುತಿನಿಂದ ಚಿಟ್ಟೆಗೆ ಕೆಡುಕಾಗಬಾರದು, ನಡುವಿನ ದಿನಗಳಲ್ಲಿ ಬಹಳ ಚಿಟ್ಟೆಗಳು ಸಾಯಬಾರದು, ಹೊರಗಿನಿಂದ ಬರಬಾರದು ಎಂಬ ನಿಬಂಧನೆಗಳು ಈ ಲೆಕ್ಕಕ್ಕೆ ಉಂಟು.

ಮೇಲಿನ ಅಂಕೆಗಳು ನಾವು ಪಾಠಕ್ಕೆಂದು ಕಲ್ಪಿಸಿದವು. ಆದರೆ ಉತ್ತರವು ವಾಸ್ತವಕ್ಕೆ ದೂರವಲ್ಲ. ಕಾಕ್‌ಪಿಟ್ ನಾಡಿನಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಹೀಗೆ ಗುರುತು ಹಾಕಿ ಎಣಿಸಿದಾಗ, ಅಲ್ಲಿ ಒಂದು ಹೊತ್ತಿಗೆ ಹಾರಾಡುವ ಚಿಟ್ಟೆಗಳು ಐವತ್ತಕ್ಕೂ ಕಡಿಮೆಯೆಂಬ ಅಂದಾಜು ದೊರೆಯಿತು. ನಮ್ಮ ಒಂದು ತರಗತಿಯ ಹಾಜರಿಪಟ್ಟಿಗಿಂತ ದೊಡ್ಡ ಸಂಖ್ಯೆಯೇನೂ ಅಲ್ಲ. ಈ ಮಾತನ್ನು ಹೇಳಿದಾಗ ತರಗತಿಯು ಸ್ವಲ್ಪ ಹೊತ್ತು ಸುಮ್ಮನಾಯಿತು.

ಕಾಯುವ ಯತ್ನ

ಕೈಕಟ್ಟಿ ಕುಳಿತರೆಂದು ತಿಳಿಯಬಾರದು. 1987ರಲ್ಲಿ ಈ ಚಿಟ್ಟೆಯನ್ನು ವನ್ಯಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಆ ಪಟ್ಟಿಯ ಜೀವಿಗಳನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. 1993ರಲ್ಲಿ ನೀಲಿ ಬೆಟ್ಟಗಳೂ ಜಾನ್ ಕ್ರೋ ಬೆಟ್ಟಗಳೂ ಸೇರಿ ರಾಷ್ಟ್ರೀಯ ಉದ್ಯಾನವಾದವು. 2015ರಲ್ಲಿ ಅವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೂ ಕಾಡಿನ ಹಿರಿಮೆಗಾಗಿ ಮಾತ್ರವಲ್ಲ, ಮರೂನರ ಇತಿಹಾಸಕ್ಕಾಗಿಯೂ. ಕಾಕ್‌ಪಿಟ್ ನಾಡಿನ ಕೆಲಸವು ಹೆಚ್ಚು ಕಷ್ಟದ್ದು. ಅಲ್ಯುಮಿನಿಯಮ್ಮಿನ ಅದಿರಾದ ಬಾಕ್ಸೈಟು ಆ ಕಡೆಯ ನೆಲದಲ್ಲಿದೆ, ಅದು ದೇಶದ ಮುಖ್ಯ ಆದಾಯಗಳಲ್ಲೊಂದು. ಜನರು ಬಹು ಕಾಲ ಒತ್ತಾಯಪಡಿಸಿದ ಮೇಲೆ 2017ರಲ್ಲಿ ಅಲ್ಲಿಯ ಸರಕಾರವು, ಗಣಿಗಾರಿಕೆ ನಡೆಯಬಾರದ ಪ್ರದೇಶದ ಎಲ್ಲೆಯನ್ನು ಘೋಷಿಸಿತು. ಆದರೂ ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಜೀವಿಯು ಉಳಿಯುವುದಿಲ್ಲ. ಮರ ಉಳಿಯಬೇಕು, ಮರಕ್ಕೆ ತೇವ ಉಳಿಯಬೇಕು, ಅದನ್ನು ಗುರುತಿಸುವ ಜನ ಹತ್ತಿರದಲ್ಲಿರಬೇಕು.

ಈ ಕಡೆಯ ಮಾತೇ ನಮ್ಮನ್ನು ಮತ್ತೆ ಕರಿಬೇವಿನ ಗಿಡದ ಬಳಿಗೆ ಕರೆತರುವುದು. ಜಮೈಕಾದ ರೈತನೊಬ್ಬನು ಹೆರ್ನಾಂಡಿಯಾ ಮರವನ್ನು ಕಡಿಯುವಾಗ ಚಿಟ್ಟೆಯನ್ನು ಕೊಲ್ಲುತ್ತಿದ್ದೇನೆಂದು ತಿಳಿದಿರಲಾರನು. ಹುಳುಗಳನ್ನು ಬಿಸಾಡಲು ಹೇಳಿದಾಗ ನಮಗೂ ತಿಳಿದಿರಲಿಲ್ಲ. ನಾವಾದರೋ ಪಾಠ ಹೇಳುವವರು. ಆ ರೈತನನ್ನು ದೂರುವ ಅಧಿಕಾರ ನಮಗೆಲ್ಲಿಯದು? ಚಿಟ್ಟೆಯನ್ನು ಮೆಚ್ಚುವುದು ಸುಲಭ, ಹುಳುವನ್ನು ಸಹಿಸುವುದು ಕಷ್ಟ. ಆದರೆ ಹುಳುವಿಲ್ಲದೆ ಚಿಟ್ಟೆಯಿಲ್ಲ.

ಭರಣಿಯ ಮೂರು ಚಿಟ್ಟೆಗಳನ್ನು ಮೂರನೆಯ ಮಹಡಿಯ ಪಡಸಾಲೆಯಿಂದ ಹಾರಿಬಿಟ್ಟೆವು. ಎರಡು ತಕ್ಷಣವೇ ಹೋದವು. ಮೂರನೆಯದು ಆ ಹುಡುಗಿಯ ತೋಳಿನ ಮೇಲೆ ಕೊಂಚ ಹೊತ್ತು ರೆಕ್ಕೆಗಳನ್ನು ಒಣಗಿಸಿಕೊಂಡು, ರಸ್ತೆಯ ಆಚೆಯ ಮರದ ಕಡೆಗೆ ಹಾರಿತು. ಗಿಡದ ಎಲೆಗಳು ಮುಂದಿನ ತಿಂಗಳಲ್ಲಿ ಮತ್ತೆ ಚಿಗುರಿದವು. ಈ ವರ್ಷ ಅದರ ಪಕ್ಕದಲ್ಲಿ ಒಂದು ನಿಂಬೆಯ ಗಿಡವನ್ನೂ ನೆಟ್ಟಿದ್ದೇವೆ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ನೆರೆಮನೆಯ ಕರಿಬೇವು, ನಿಂಬೆ ಗಿಡಗಳ ಎಲೆಗಳನ್ನು ಒಂದು ವಾರ ಪ್ರತಿದಿನ ನೋಡಿ, ಕಂಡುದನ್ನು ದಿನಾಂಕದೊಡನೆ ಬರೆದಿಡಿರಿ.

2. ಮರಿಹುಳುವಿನ ವೇಷವು ಬೆಳೆದಂತೆ ಬದಲಾಗುವುದೇಕೆ?

3. ಒಂದು ಡಬ್ಬಿಯಲ್ಲಿ ಎಷ್ಟೆಂದು ಎಣಿಸದೆ ಕಡಲೆಕಾಳುಗಳನ್ನು ಹಾಕಿರಿ. 20 ಕಾಳುಗಳಿಗೆ ಶಾಯಿಯ ಗುರುತು ಹಾಕಿ ಬೆರೆಸಿರಿ. ಒಂದು ಹಿಡಿಯನ್ನು ತೆಗೆದು, ಮೇಲೆ ಹೇಳಿದ ಲೆಕ್ಕದಿಂದ ಒಟ್ಟು ಕಾಳುಗಳೆಷ್ಟೆಂದು ಅಂದಾಜು ಮಾಡಿರಿ. ಆಮೇಲೆ ಎಣಿಸಿ ಸರಿ ನೋಡಿರಿ.

4. ಮರೂನರೂ ಹೋಮೆರಸ್ ಚಿಟ್ಟೆಯೂ ಒಂದೇ ನೆಲೆಗಳಲ್ಲಿ ಉಳಿದುದಕ್ಕೆ ಕಾರಣವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.